ಸುವರ್ಣಗಿರಿಯೂ ನಮ್ಮ ನಾಡಿನ ಪ್ರಾಚೀನ ಸುವರ್ಣಾಕರಗಳೂ

೧

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿರುವ ಅಶೋಕನ ಧರ್ಮಲಿಪಿಗಳು ೧೮೯೨ ರಲ್ಲಿ ಬಿ. ಎಲ್. ರೈಸ್ ಮಹಾಶಯರ ಪರಿಶ್ರಮದಿಂದ ಬೆಳಕಿಗೆ ಬಂದುವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಬ್ರಹ್ಮಗಿರಿಯ ಲಿಪಿಯು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಕಳುಹಿದ ಆಜ್ಞೆಯ ರೂಪದಲ್ಲಿದೆ. ಇದರಿಂದ ಮೌರ್ಯಸಾಮ್ರಾಜ್ಯದ ದಕ್ಷಿಣಪ್ರಾಂತಕ್ಕೆ ಸುವರ್ಣಗಿರಿಯೆಂಬ ಪಟ್ಟಣವು ಮುಖ್ಯಸ್ಥಾನವಾಗಿದ್ದಿತೆಂದೂ, ಅಲ್ಲಿ ರಾಜಕುಮಾರನೊಬ್ಬನು ಅಧಿಕಾರ ನಡೆಸುತ್ತಿದ್ದನೆಂದೂ ಸಿದ್ಧವಾಗುತ್ತದೆ. ಆ ಪಟ್ಟಣವು ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವರೂ, ಕರ್ನೂಲು ಜಿಲ್ಲೆಯ ಜೊನ್ನಗಿರಿಯೆಂದು ಕೆಲವರೂ ಹೇಳುತ್ತಾರೆ.

ಪಟ್ಟಣವು ಯಾವುದೇ ಇರಲಿ, ನಮ್ಮ ಪ್ರಶ್ನೆ ಬೇರೆ. ಆ ಹೆಸರಿನಲ್ಲಿರುವ ಸುವರ್ಣಶಬ್ದವು ಬರಿಯ ಪ್ರಶಂಸೆಯೋ, ಅಥವಾ ಆ ನೆಲದಲ್ಲಿ ಹೊನ್ನು ದೊರೆಯುತ್ತಿದ್ದುದರಿಂದ ಹುಟ್ಟಿದ ಅನ್ವರ್ಥನಾಮವೋ? ದೊರೆಯುತ್ತಿದ್ದಲ್ಲಿ, ಅದನ್ನು ತೆಗೆಯುತ್ತಿದ್ದ ಕ್ರಮವೇನು? ತೆಗೆಯುತ್ತಿದ್ದವರು ಯಾರು?

ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ನಮ್ಮ ಪೂರ್ವಿಕರು ನದಿಯ ಮರಳನ್ನು ತೊಳೆದು ಅಷ್ಟಿಷ್ಟು ಹೊನ್ನನ್ನು ಆಯ್ದುಕೊಳ್ಳುತ್ತಿದ್ದರೇ ಹೊರತು ಬಂಡೆಯನ್ನು ಭೇದಿಸುವ ವಿದ್ಯೆಯನ್ನರಿಯರು, ಅದು ಪಾಶ್ಚಾತ್ಯರಿಂದ ಬಂದುದು ಎಂಬುದು ಒಂದು ಪಕ್ಷ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಗಣಿಯ ವಿದ್ಯೆ ಸಮಗ್ರವಾಗಿ ಉಕ್ತವಾಗಿದೆ, ಹೊಸಬರು ಕಂಡುಹಿಡಿದುದೇನೂ ಇಲ್ಲ ಎಂಬುದು ಎರಡನೆಯ ಪಕ್ಷ. ಶಬ್ದಪ್ರಮಾಣವನ್ನೂ, ನೆಲದಲ್ಲಿ ಪ್ರತ್ಯಕ್ಷವಾಗಿರುವ ಹಳೆಯ ಕುಳಿಗಳನ್ನೂ, ಇವೆರಡರಿಂದ ಹುಟ್ಟುವ ಅನುಮಾನವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡು ಪಕ್ಷಗಳೂ ನಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಅದನ್ನು ಕ್ರಮವಾಗಿ ನಿರೂಪಿಸುವೆವು.

೨

ಮೊದಲು ಶಬ್ದಗಳನ್ನು ವಿಚಾರಿಸೋಣ. ಅಮರಸಿಂಹನು ಚಿನ್ನಕ್ಕೆ ಹತ್ತೊಂಬತ್ತು ಹೆಸರುಗಳನ್ನು ಹೇಳಿದ್ದಾನೆ. ಇವೆಲ್ಲವನ್ನೂ ಕೇವಲ ಪರ್ಯಾಯಗಳೆಂದು ಬಾಯಿಪಾಠ ಮಾಡಿ ಬಿಡುವುದು ನಮ್ಮ ಪಾಠಶಾಲೆಗಳ ವಾಡಿಕೆ. ಆದರೆ ಇವುಗಳಲ್ಲಿ ಹಲವು ಶಬ್ದಗಳು ಚಿನ್ನದ ಹುಟ್ಟನ್ನೇ ಸೂಚಿಸುತ್ತವೆ. ಗಾಂಗೇಯ, ಜಾಂಬೂನದ ಎಂಬಿವು ನದಿಯ ಸಂಬಂಧವನ್ನು ಹೇಳುತ್ತವೆ. ಶಾತಕುಂಭವು ಪರ್ವತದ ಹೆಸರಿನಿಂದ ಬಂದುದು. ಕಾರ್ತಸ್ವರವು ಕೃತಸ್ವರವೆಂಬ ಆಕರದಲ್ಲಿ ಹುಟ್ಟಿದುದೆಂದು ವ್ಯಾಖ್ಯಾತೃಗಳ ಮತ. ತಪನೀಯವೆಂಬುದು ಬೆಂಕಿಯಲ್ಲಿ ಕಾಯಿಸಿ ಶುದ್ಧಿಮಾಡುವ ಕ್ರಿಯೆಯನ್ನು ತಿಳಿಸುತ್ತದೆ. ಜಾತರೂಪವೆಂದರೆ ಹುಟ್ಟುವಾಗಲೇ ತನ್ನ ರೂಪವನ್ನು ಪಡೆದುದು. ಕಬ್ಬಿಣ ತಾಮ್ರಗಳಂತೆ ಕಲ್ಲಿನೊಡನೆ ಬೆರೆತು ರೂಪುಗೆಡದೆ, ಲೋಹವಾಗಿಯೇ ದೊರಕುವುದು. ಚಿನ್ನದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಶಬ್ದವು ದೊರೆಯುವುದು ಕಷ್ಟ.

ಕೌಟಿಲೀಯ ಅರ್ಥಶಾಸ್ತ್ರದ ಸುವರ್ಣಾಧ್ಯಕ್ಷಪ್ರಕರಣದಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಚಿನ್ನವನ್ನು ಹುಟ್ಟಿದ ಎಡೆಯಿಂದ ಜಾಂಬೂನದ, ಶಾತಕುಂಭ, ಹಾಟಕ ಮೊದಲಾಗಿ ವಿಂಗಡಿಸಿದ ಮೇಲೆ, ಜಾತರೂಪ, ರಸವಿದ್ಧ, ಆಕರೋದ್ಗತ ಎಂದು ಮೂರು ವಿಧವಾಗಿ ಹೇಳಿದೆ. ತಾನಾಗಿ ದೊರಕುವುದು, ರಸದ ಸಂಪರ್ಕದಿಂದಾದುದು, ಗಣಿಯಿಂದ ಬಂದುದು ಎಂದು ಇವುಗಳ ಅರ್ಥ. ಸುಮಾರು ಹದಿಮೂರನೆಯ ಶತಮಾನದ್ದೆಂದು ಎಣಿಸಲ್ಪಟ್ಟಿರುವ ರಸರತ್ನಸಮುಚ್ಚಯದಲ್ಲಿಯೂ ಪ್ರಾಕೃತ, ಸಹಜ, ವಹ್ನಿಸಂಭೂತ, ಖನಿಸಂಭವ, ರಸೇಂದ್ರವೇಧಜ ಎಂದು ಐದು ವಿಧಗಳಿವೆ. ಮೊದಲಿನವು ಪುರಾಣದ ಚಿನ್ನಗಳು. ಖನಿಸಂಭವವೊಂದೇ ಮನುಷ್ಯನ ಕೈಗೆ ಸಿಕ್ಕುವ ಚಿನ್ನ. ಮಹಾಭಾರತದ ಸಭಾಪರ್ವದಲ್ಲಿ ಉಕ್ತವಾದ, ಇರುವೆಗಳು ಎತ್ತಿಹಾಕಿದ ಪಿಪೀಲಿಕ ಸುವರ್ಣವೂ, ಅದೇ ಕಥೆಯನ್ನು ಹೇಳುವ ಗ್ರೀಕರ ಹೆರೊಡೋಟಸನ ವರ್ಣನೆಯೂ ಉತ್ತರದೇಶದ ಮಾತುಗಳಾದುದರಿಂದ ಪ್ರಸ್ತುತಕ್ಕೆ ಸೇರುವುದಿಲ್ಲ.

ಆದುದರಿಂದ ನದಿಯ ಹೊನ್ನು ಬೇರೆ, ಗಣಿಯ ಹೊನ್ನು ಬೇರೆ ಎಂಬ ವಿವೇಕವು ನಮ್ಮ ಗ್ರಂಥಕಾರರಿಗೆ ನಿಶ್ಚಯವಾಗಿ ಇದ್ದಿತು. ಮೊದಲನೆಯ ಪಕ್ಷಕ್ಕೆ ಇದೊಂದು ಬಾಧಕ. ಆದರೆ ಹೆಸರಿದ್ದ ಮಾತ್ರಕ್ಕೆ ವಸ್ತುವು ನಮ್ಮ ನಾಡಿನಲ್ಲಿಯೇ ಇದ್ದಿತೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ನೆಲವನ್ನೇ ನೋಡಬೇಕು.

೩

ಚಿನ್ನವು ನಮ್ಮ ನೆಲದಲ್ಲಿ ಹೇಗೆ ನಿಂತಿದೆ ಎಂಬುದನ್ನು ಭೂಗರ್ಭಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ. ಕನ್ನಡನಾಡಿನ ಬಹುಭಾಗವು ಅತಿ ಪುರಾತನವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾದುದು. ಇವುಗಳ ನಡುವೆ ಅಲ್ಲಲ್ಲಿ ಕಪ್ಪು ಹಸುರು ಬಣ್ಣದ ಪದರುಗಲ್ಲಿನ ಪಟ್ಟಿಗಳು ಉತ್ತರ ದಕ್ಷಿಣವಾಗಿ ಹರಿದಿವೆ. ಇವಕ್ಕೆ ಧಾರವಾಡಶಿಲೆಗಳೆಂದು ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬವರು. ಇವುಗಳಲ್ಲಿ ಹಲವು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಭೂಗರ್ಭದಿಂದ ಮೇಲೆದ್ದ ಬಿಸಿಯಾದ ಜಲವು ಈ ಕಲ್ಲುಗಳ ಬಿರುಕುಗಳಲ್ಲಿ ಹರಿದು, ತಾನು ಕರಗಿಸಿ ತಂದ ಬೆಣಚುಕಲ್ಲಿನ ಸತ್ತ್ವವನ್ನೂ ಚಿನ್ನವನ್ನೂ ಅಲ್ಲಿ ಬಿಟ್ಟಿತು. ಅವೇ ಬೆಣಚುಗಲ್ಲಿನ ನರಗಳು. ಚಿನ್ನದ ಕಣಗಳು ಈ ನರಗಳಲ್ಲಿ ಕೆಲವೆಡೆ ಬಿಡಿಯಾಗಿಯೂ, ಕೆಲವೆಡೆ ಗಂಧಕಯುಕ್ತವಾದ ಕಬ್ಬಿಣದ ಮಾಕ್ಷಿಕದಲ್ಲಿಯೂ ಪಾಷಾಣಯುಕ್ತವಾದ ಮಾಕ್ಷಿಕದಲ್ಲಿಯೂ ಅಡಗಿಯೂ ಇರುತ್ತವೆ.

ರಾಯಚೂರು ಜಿಲ್ಲೆಯ ಹಟ್ಟಿ ಮಸ್ಕಿಗಳ ಪಟ್ಟಿ, ಗದಗಿನ ಕಪ್ಪತಗುಡ್ಡದ ಪಟ್ಟಿ, ಕೋಲಾರದ ಪಟ್ಟಿ, ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದ ರಾಮಗಿರಿಯ ಪಟ್ಟಿ, ಇವು ಚಿನ್ನವಿರುವ ಪಟ್ಟಿಗಳಲ್ಲಿ ಮುಖ್ಯವಾದುವು. ಕೋಲಾರದ ಪಟ್ಟಿಯು ಸುಮಾರು ೮೦ ಕಿಲೋಮೀಟರು ಉದ್ದವಿದ್ದು ಅಗಲದಲ್ಲಿ ಕೆಲವೇ ಕಿಲೋಮೀಟರು.

ಇಲ್ಲಿ ಪ್ರಮಾಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಟನ್ನು ಕಲ್ಲಿನಲ್ಲಿ ೫ ಗ್ರಾಂ ಚಿನ್ನವಿದ್ದರೆ ಎರಡು ಲಕ್ಷ ಪಾಲು ಕಲ್ಲಿಗೆ ಒಂದು ಪಾಲು ಚಿನ್ನವೆಂದಾಯಿತು. ಇಷ್ಟು ಅಲ್ಪವಾದುದನ್ನು ಇಷ್ಟು ಕಠಿನವಾದ ಕಲ್ಲಿನಿಂದ ಬಿಡಿಸುವ ಉಪಾಯವೇನು? ಎರಡು ಗುಣಗಳು ಮನುಷ್ಯನಿಗೆ ಸಹಾಯವಾಗುತ್ತವೆ. ಚಿನ್ನವು ನೀರಿಗಿಂತ ಹತ್ತೊಂಬತ್ತು ಪಾಲಿಗೂ ಮಿಕ್ಕು ಭಾರವಾದುದು. ಬೆಣಚುಕಲ್ಲು ಎರಡೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಕಲ್ಲನ್ನು ಹಿಟ್ಟಾಗಿ ಅರೆದು ಹರಿಯುವ ನೀರಿಗೆ ಒಡ್ಡಿದರೆ ಕಲ್ಲು ಕೊಚ್ಚಿಹೋಗಿ ಚಿನ್ನ ನಿಲ್ಲುತ್ತದೆ. ಇದು ಮೊದಲನೆಯದು. ಚಿನ್ನವು ಕಿಲುಬು ಹಿಡಿಯದೆ, ಬೆಂಕಿಯಲ್ಲಿ ಸುಡದೆ, ತನ್ನ ರೂಪದಲ್ಲಿಯೇ ಉಳಿಯುತ್ತದೆ. ಇದು ಎರಡನೆಯದು. ಪ್ರಾಚೀನರ ಕ್ರಿಯೆಯೆಲ್ಲವೂ ಈ ಎರಡು ಗುಣಗಳ ಮೇಲೆಯೇ ನಿಂತಿದೆ. ಮಾಕ್ಷಿಕದೊಳಗೆ ಅಡಗಿದ ಚಿನ್ನವನ್ನು ಮಾತ್ರ ಈ ಉಪಾಯದಿಂದ ಬಿಡಿಸುವುದು ಸಾಧ್ಯವಾಗದು. ಅದು ಮೂರನೆಯ ಉಪಾಯವೊಂದಕ್ಕಾಗಿ ಕಾದಿರಬೇಕಾಯಿತು. ಅದನ್ನು ಮುಂದೆ ಹೇಳುವೆವು.

೪

ಇನ್ನು ಶಾಸ್ತ್ರಕ್ಕೆ ಬರೋಣ. ಕೌಟಿಲೀಯ ಅರ್ಥಶಾಸ್ತ್ರದ ಮಾತೃಕೆಯು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, ೧೯೦೯ ರಲ್ಲಿ ಮುದ್ರಿತವಾಯಿತು. ಆ ಗ್ರಂಥವು ಮೌರ್ಯರ ಕಾಲದ್ದೇ ಎಂದು ಮೊದಲು ಬಹುಮಂದಿ ನಂಬಿದ್ದರು. ಈಗಿನ ರೂಪವು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಿದ್ಧವಾಯಿತೆಂದು ಈಚಿನ ವಿದ್ವಾಂಸರಲ್ಲಿ ಅನೇಕರ ಮತ. ಹೇಗಿದ್ದರೂ ಹಟ್ಟಿಯ ಹಳೆಯ ಗಣಿಗಳ ಕಾಲಕ್ಕೆ ಅದು ದೂರವಾದುದಲ್ಲ.

ಎರಡನೆಯ ಅಧಿಕರಣದ ಆಕರಪ್ರಕರಣದಲ್ಲಿ ಆಕರಾಧ್ಯಕ್ಷನ ಯೋಗ್ಯತೆಯನ್ನು ಹೇಳಿದೆ. ಅವನು ಲೋಹಧಾತುಗಳ ಶಾಸ್ತ್ರವನ್ನು ಬಲ್ಲವನಾಗಿರಬೇಕು. ಇಲ್ಲವೆ ಬಲ್ಲವರನ್ನು ಜೊತೆಯಲ್ಲಿಟ್ಟುಕೊಂಡು, ಕೆಲಸಗಾರರನ್ನೂ ಉಪಕರಣಗಳನ್ನೂ ಕೂಡಿಸಿಕೊಂಡು ಹೋಗಬೇಕು. ಕಿಟ್ಟ, ಮೂಷೆ, ಇದ್ದಿಲು, ಬೂದಿಗಳ ಗುರುತಿನಿಂದ ಹಿಂದೆ ಕೆಲಸ ನಡೆದ ಗಣಿಯನ್ನು ಪತ್ತೆಹಚ್ಚಬೇಕು. ಹೊಸದಾದರೆ ಬಣ್ಣ, ಭಾರ, ವಾಸನೆ, ರುಚಿಗಳಿಂದ ಪರೀಕ್ಷಿಸಬೇಕು. ಹೊನ್ನಿನ ಕಲ್ಲು ಹಳದಿ, ಕೆಂಪು ಮುಂತಾದ ವರ್ಣಗಳುಳ್ಳದ್ದು, ಭಾರವಾದುದು, ಕಾಯಿಸಿದಾಗ ಒಡೆಯದೆ ನೊರೆಯನ್ನೂ ಹೊಗೆಯನ್ನೂ ಬಿಡುವುದು ಎಂದು ಲಕ್ಷಣಗಳಿವೆ. ಗಂಧಕ ಪಾಷಾಣಗಳು ಕೂಡಿದ ಮಾಕ್ಷಿಕವನ್ನು ಕಾಯಿಸಿದರೆ ಹೊಗೆಯೇಳುವುದನ್ನು ಬಲ್ಲವರಿಗೆ ಈ ಲಕ್ಷಣವು ಕಲ್ಪಿತವೆಂದು ತೋರದು.

ಶೋಧನೆಯ ವಿಷಯದಲ್ಲಿ ಗ್ರಂಥವು ಇನ್ನೂ ನಿಷ್ಕೃಷ್ಟವಾಗಿದೆ. ಅಶುದ್ಧವಾದ ಚಿನ್ನವನ್ನು ಅದರಲ್ಲಿರುವ ಕಶ್ಮಲದ ನಾಲ್ಕು ಪಾಲು ಸೀಸದೊಡನೆ ಕಾಯಿಸಬೇಕು ಎಂದು ವಿಧಿ. ಸೀಸವು ಗಾಳಿಯಲ್ಲಿ ಉರಿದು, ತಾಮ್ರಾದಿ ಕಶ್ಮಲಗಳನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಚಿನ್ನವೂ ಬೆಳ್ಳಿಯೂ ಉಳಿಯುತ್ತವೆ. ಸೀಸದ ಅಂಶ ಉಳಿದು ಗಣಿಯ ಚಿನ್ನವು ಬಡಿದಾಗ ಒಡೆಯುವುದಾದರೆ ತಗಡು ಮಾಡಿ ಬಡಿಯಬೇಕೆಂದೂ, ಇಲ್ಲವೆ ಬಾಳೆ ಮೊದಲಾದ ಗೆಡ್ಡೆಗಳ ಕಲ್ಕದಲ್ಲಿ ಅದ್ದಬೇಕೆಂದೂ ಹೇಳಿದೆ. ಕಲ್ಕದ ಗುಣವನ್ನು ಕುರಿತು ಯಾರಾದರೂ ಸಂದೇಹಪಡಬಹುದು. ಆದರೆ ಅತ್ಯಲ್ಪ ಸೀಸವೂ ಚಿನ್ನವನ್ನು ಪೆಡಸಾಗಿಸುವುದೆಂಬುದು ಇಂದಿನ ಲೋಹಶಾಸ್ತ್ರಕ್ಕೂ ಸಮ್ಮತವಾದ ಸತ್ಯ. ಈ ಸತ್ಯವು ಯಾವ ತರ್ಕದಿಂದಲೂ ಹೊಳೆಯತಕ್ಕುದಲ್ಲ. ಅಗಸಾಲೆಯ ಅಡಿಗಲ್ಲಿನ ಮೇಲೆ ಬಿರಿದ ಚಿನ್ನವನ್ನು ಕಂಡವರಿಂದ ಕೇಳಿಯೇ ಗ್ರಂಥಕಾರನು ಇದನ್ನು ಬರೆದಿರಬೇಕು.

ಈಗ ಎರಡನೆಯ ಪಕ್ಷವನ್ನು ಪರೀಕ್ಷಿಸಬೇಕು. ಶಾಸ್ತ್ರದಲ್ಲಿ ಎಲ್ಲವೂ ಉಕ್ತವಾಗಿದೆಯೆ? ಆಕರಪ್ರಕರಣದಲ್ಲಿ ಕುಳಿಯನ್ನು ಹೇಗೆ ತೋಡಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ನೀರನ್ನು ಹೇಗೆ ಎತ್ತಬೇಕು, ಕುಸಿಯದಂತೆ ಹೇಗೆ ಆಸರೆ ಕೊಡಬೇಕು, ಕಲ್ಲನ್ನು ಯಾವುದರಲ್ಲಿ ಕುಟ್ಟಬೇಕು ಎಂಬ ವಿವರಗಳು ಕಾಣಬರುವುದಿಲ್ಲ. ಅಷ್ಟೇ ಅಲ್ಲ, ಹಳೆಯ ಗಣಿಗೆ ಹೇಳಿದ ಕಿಟ್ಟ ಮೂಷೆಗಳ ಗುರುತು ತಾಮ್ರ ಕಬ್ಬಿಣಗಳ ಗಣಿಗೆ ಒಪ್ಪುವಷ್ಟು ಹೊನ್ನಿನ ಗಣಿಗೆ ಒಪ್ಪುವುದಿಲ್ಲ. ಬಿಡಿಚಿನ್ನವನ್ನು ಕುಟ್ಟಿ ತೊಳೆದು ತೆಗೆಯುವಲ್ಲಿ ಕಿಟ್ಟದ ರಾಶಿ ಬೀಳುವುದಿಲ್ಲ. ಅಲ್ಲಿನ ಗುರುತು ಕುಳಿ ಬಿದ್ದ ಬಂಡೆಗಳು, ಸವೆದ ಗುಂಡುಕಲ್ಲುಗಳು, ಕುಟ್ಟಿ ಬಿಟ್ಟ ಬೆಣಚುಕಲ್ಲಿನ ದಿಬ್ಬಗಳು. ಇದನ್ನು ಗ್ರಂಥವು ಹೇಳಿಲ್ಲ. ಕಾರಣವು ಸ್ಪಷ್ಟವಾಗಿದೆ. ಅರ್ಥಶಾಸ್ತ್ರವು ರಾಜನ ಬೊಕ್ಕಸವನ್ನು ಕಾಯುವ ಅಧಿಕಾರಿಗಾಗಿ ರಚಿತವಾದುದು. ಅಕ್ಷಶಾಲೆಯ ಬಾಗಿಲಿನಿಂದ ಈಚೆಗೆ ಅದರ ಕಣ್ಣು ತೀಕ್ಷ್ಣವಾಗಿದೆ. ಅಲ್ಲಿಂದಾಚೆ, ಕುಳಿಯ ಕತ್ತಲೆಯೊಳಗೆ, ಅದು ಇಳಿದಿಲ್ಲ.

೫

ಆ ಕತ್ತಲೆಯೊಳಗಣ ಸಂಗತಿಯನ್ನು ಹೇಳುವುದು ಹಟ್ಟಿಯ ನೆಲ. ಲಿಂಗಸುಗೂರು ತಾಲ್ಲೂಕಿನ ಈ ಊರಿನಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕಂಪೆನಿಯವರು ಕೆಲಸವನ್ನಾರಂಭಿಸಿದಾಗ ತಮಗಿಂತ ಮೊದಲೇ ಯಾರೋ ಇಳಿದು ಹೋದ ಕುಳಿಗಳು ಅವರಿಗೆ ಎದುರಾದುವು. ಅವುಗಳಲ್ಲೊಂದು ೬೪೦ ಅಡಿಗಳ ಆಳಕ್ಕೆ ಹೋಗಿದ್ದಿತು. ಪ್ರಾಚೀನಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಇದನ್ನು ಎಣಿಸತಕ್ಕದ್ದಾಗಿದೆ. ಹಳೆಯ ಕುಳಿಗಳಲ್ಲಿ ಸಿಕ್ಕಿದ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅವು ಸುಮಾರು ೨೦೦೦ ವರ್ಷಗಳಷ್ಟು ಹಿಂದಿನವೆಂದು ತಿಳಿದುಬಂದಿತು. ಎಂದರೆ ಶಾತವಾಹನರ ಕಾಲದ ಸುಮಾರು. ಹೈದರಾಬಾದಿನ ಭೂಗರ್ಭಶಾಸ್ತ್ರ ಇಲಾಖೆಯ ಲಿಯೊನಾರ್ಡ್ ಮನ್ ಎಂಬವರೂ, ಅನಂತರ ೧೯೬೨ ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ಪುರಾತತ್ತ್ವಜ್ಞರೂ ಈ ಕುಳಿಗಳನ್ನು ಕುರಿತು ವಿಚಾರ ಮಾಡಿದ್ದಾರೆ.

ಕಬ್ಬಿಣದ ಉಳಿ ಸುತ್ತಿಗೆಗಳಿಂದ ಇಷ್ಟು ಕಠಿನವಾದ ಕಲ್ಲನ್ನು ಇಷ್ಟು ಆಳಕ್ಕೆ ಒಡೆಯುವುದು ಹೇಗೆ? ಕುಳಿಗಳಲ್ಲಿ ದೊರೆತ ಇದ್ದಿಲು, ಬೂದಿ, ಬೆಂಕಿಯ ಕಾವಿಗೆ ದುಂಡಾದ ಗೋಡೆಗಳು, ಇವೇ ಉತ್ತರ. ಬಂಡೆಯ ಮುಖಕ್ಕೆ ಸೌದೆಯನ್ನು ಒಟ್ಟಿ ಉರಿಸುತ್ತಿದ್ದರು. ಕಾವಿನಿಂದ ಕಲ್ಲು ಹಿಗ್ಗಿ ಬಿರಿಯುತ್ತಿತ್ತು. ಅನಂತರ ಉಳಿ, ಸುತ್ತಿಗೆ, ಹಾರೆಗಳಿಂದ ಬಿರಿದುದನ್ನು ಕಿತ್ತು ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸುತ್ತಿದ್ದರು. ಮೇಲೆ ಅದನ್ನು ಬಂಡೆಯ ಕುಳಿಗಳಲ್ಲಿ ಗುಂಡುಕಲ್ಲಿನಿಂದ ಕುಟ್ಟಿ, ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆದು, ನೀರಿನಲ್ಲಿ ತೊಳೆದು ಹೊನ್ನನ್ನು ಪಡೆಯುತ್ತಿದ್ದರು. ಹಟ್ಟಿಯ ಸುತ್ತಮುತ್ತ ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಸವೆದ ಬಟ್ಟಲಿನಾಕಾರದ ಗುಳಿಗಳು ಇದಕ್ಕೆ ಸಾಕ್ಷಿ.

ಈ ಮಾತುಗಳನ್ನು ಓದಿ ಮುಂದೆ ಹೋಗುವುದು ಸುಲಭ. ಆದರೆ ಒಂದು ಕ್ಷಣ ನಿಂತು ಯೋಚಿಸತಕ್ಕದ್ದು. ಮನುಷ್ಯನ ಭುಜದಷ್ಟೇ ಅಗಲವಾದ ಎಡೆಯಲ್ಲಿ ಬೆಂಕಿ ಹಾಕಿದರೆ ಹೊಗೆ ಎಲ್ಲಿಗೆ ಹೋಗಬೇಕು? ಪಾಷಾಣಯುಕ್ತವಾದ ಮಾಕ್ಷಿಕವು ಕಾದಾಗ ಏಳುವ ಹೊಗೆ ವಿಷವಾದುದು. ಹೊಗೆ ಕಳೆಯುವವರೆಗೆ ಕಾದು, ಇನ್ನೂ ಬಿಸಿಯಾಗಿರುವ ಕಲ್ಲಿನ ಬಳಿಗೆ ಇಳಿಯಬೇಕು. ತಳದಲ್ಲಿ ನೀರು ಒಸರುತ್ತಿರುತ್ತದೆ. ಅದನ್ನು ಕೈಯಿಂದ ಕೈಗೆ ಎತ್ತಿ ಹೊರಹಾಕಬೇಕು. ಇಷ್ಟಾದ ಮೇಲೆ ದೊರಕುವುದು ಲಕ್ಷ ಪಾಲಿಗೆ ಒಂದೆರಡು ಪಾಲು. ಸ್ವಂತ ಇಚ್ಛೆಯಿಂದ ೬೪೦ ಅಡಿ ಇಳಿದವರು ಎಷ್ಟು ಮಂದಿ ಇದ್ದಿರಬಹುದು?

ಈ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಒಂದು ಸೂಚನೆ ಇದೆ. ಗಣಿಯ ವಸ್ತುವನ್ನು ಕದ್ದ ಕೆಲಸಗಾರನಿಗೆ ಎಂಟು ಪಾಲು ದಂಡವೆಂದು ಹೇಳಿ, ಹೊರಗಿನಿಂದ ಕದ್ದವನನ್ನೂ ಅಪ್ಪಣೆಯಿಲ್ಲದೆ ಗಣಿಯಿಂದ ಜೀವಿಸುವವನನ್ನೂ ಕಟ್ಟಿ ಕೆಲಸ ಮಾಡಿಸಬೇಕೆಂದೂ, ದಂಡ ತೆರಲಾರದವರನ್ನೂ ಅದಕ್ಕೆ ಹಚ್ಚಬೇಕೆಂದೂ ವಿಧಿಸಿದೆ. ಹೆಚ್ಚು ವ್ಯಯವೂ ಶ್ರಮವೂ ಆಗುವ ಗಣಿಯನ್ನು ಪಾಲಿಗೋ ಗುತ್ತಿಗೆಗೋ ಕೊಡತಕ್ಕದ್ದು, ಸುಲಭವಾದುದನ್ನು ರಾಜನು ತಾನೇ ನಡೆಸತಕ್ಕದ್ದು ಎಂದೂ ಅಲ್ಲಿದೆ. ಆಳವಾದ ಗಣಿಯ ಕಷ್ಟವು ಯಾರ ಪಾಲಿಗೆ ಬೀಳುತ್ತಿದ್ದಿತೆಂಬುದನ್ನು ಇದರಿಂದ ಊಹಿಸಬಹುದು.

ಅನ್ಯದೇಶದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಅಗಥಾರ್ಕಿಡೀಸನೆಂಬ ಗ್ರೀಕನು ಐಗುಪ್ತದೇಶದ ದಕ್ಷಿಣಸೀಮೆಯ ಹೊನ್ನಿನ ಗಣಿಗಳನ್ನು ವರ್ಣಿಸಿದ್ದು, ಡಿಯೊಡೋರಸನ ಗ್ರಂಥದಲ್ಲಿ ಉಳಿದುಬಂದಿದೆ. ಅಲ್ಲಿಯೂ ಬೆಂಕಿಯಿಂದ ಬಂಡೆಯನ್ನು ಬಿರಿಯಿಸುವುದು, ಕಲ್ಲಿನ ಒರಳಿನಲ್ಲಿ ಕುಟ್ಟುವುದು, ಹೆಂಗಸರೂ ಮುದುಕರೂ ಬೀಸುವುದು, ಇಳಿಜಾರು ಹಲಗೆಯ ಮೇಲೆ ತೊಳೆಯುವುದು, ಸೀಸ ಉಪ್ಪುಗಳೊಡನೆ ಮುಚ್ಚಿದ ಪಾತ್ರೆಯಲ್ಲಿ ಐದು ದಿನ ಕಾಯಿಸುವುದು, ಎಲ್ಲವೂ ಉಂಟು. ಕೆಲಸಗಾರರು ಅಪರಾಧಿಗಳೂ ಯುದ್ಧದಲ್ಲಿ ಸೆರೆಸಿಕ್ಕಿದವರೂ ಆಗಿದ್ದರು. ಇದರಿಂದ ಒಬ್ಬರಿಂದ ಮತ್ತೊಬ್ಬರು ಕಲಿತರೆಂದು ಹೇಳಬೇಕಾದುದಿಲ್ಲ. ಒಂದೇ ಕಲ್ಲು, ಒಂದೇ ಲೋಹ, ಒಂದೇ ಬೆಂಕಿ. ಉಪಾಯವೂ ಒಂದೇ ಆಗುವುದು ಸಹಜ.

೬

ಈ ವಿದ್ಯೆಯು ಮಧ್ಯದಲ್ಲಿ ಸಂಪೂರ್ಣವಾಗಿ ಲೋಪಿಸಿತೆಂದೂ ಹೇಳುವಂತಿಲ್ಲ. ಕೋಲಾರದ ಹಳೆಯ ಕುಳಿಗಳ ಮರವು ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ಉತ್ತರಾರ್ಧವನ್ನು ಸೂಚಿಸುತ್ತದೆ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರೆಂಬವರು ಹತ್ತೊಂಬತ್ತನೆಯ ಶತಮಾನದವರೆಗೂ ಮಳೆಗಾಲದ ಅನಂತರ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಹೊನ್ನನ್ನು ಆರಿಸುತ್ತಿದ್ದರು. ಉಳಿದ ಕಾಲದಲ್ಲಿ ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಜೀವಿಸುತ್ತಿದ್ದರು. ಅವರ ಹಳ್ಳಗಳನ್ನು ಅನುಸರಿಸಿಯೇ ಬ್ರೂಸ್ ಫೂಟ್ ಆ ಗುಡ್ಡಗಳ ಹೊನ್ನಿನ ಕಲ್ಲನ್ನು ಪರೀಕ್ಷಿಸಿ ೧೮೭೪ ರಲ್ಲಿ ವರದಿ ಬರೆದರು.

ಕೋಲಾರದ ಕಥೆಯೂ ಹೀಗೆಯೇ. ೧೮೦೨ ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿಯು ಮೈಸೂರು ಸೀಮೆಯ ಮೂಡಣ ಎಲ್ಲೆಯನ್ನು ಅಳೆಯುತ್ತ ಬಂದಾಗ, ಉರಿಗಾಂ ಮಾರಿಕುಪ್ಪಂಗಳ ಜನರು ಹೊನ್ನನ್ನು ತೊಳೆದು ತೆಗೆಯುವುದನ್ನು ಕಂಡನು. ಮಾರಿಕುಪ್ಪದಲ್ಲಿ ಊರ ಹೊರಗಿನ ಕೇರಿಯ ಗಂಡಸರು ಕುಳಿಗಿಳಿದು ಕಲ್ಲನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು; ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ತೊಳೆಯುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆ ಹಟ್ಟಿಯಲ್ಲಿ ನಡೆದ ಕ್ರಿಯೆಯೇ ಇದು. ಯಾವ ಗ್ರಂಥದ ಸಹಾಯವೂ ಇಲ್ಲದೆ, ಅಕ್ಷರವನ್ನೇ ಅರಿಯದವರ ಕೈಗಳಲ್ಲಿ ಅದು ಉಳಿದುಬಂದಿದ್ದಿತು.

ವಾರನ್ನನ ಬರೆಹವನ್ನು ಓದಿದ ಲೆವೆಲ್ ಎಂಬವನು ೧೮೭೦ ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದನು. ೧೮೮೦ ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದರು. ಮೊದಲು ಹಾಕಿದ ಹಣವೆಲ್ಲ ವ್ಯರ್ಥವಾಗಿ ಕೈಬಿಡುವ ಸ್ಥಿತಿಗೆ ಬಂದಾಗ, ಪ್ಲಮ್ಮರ್ ಎಂಬ ಗಣಿಯ ಅಧಿಕಾರಿಯು ಹಳೆಯವರ ಕುಳಿಗಳ ಜಾಡು ಹಿಡಿದು ಕೆಳಗಿಳಿದನು. ಅವರು ನಿಲ್ಲಿಸಿದ ಎಡೆಯ ಕೆಳಗೆ ಚಾಂಪಿಯನ್ ನರವೆಂಬ ಮಹಾನಿಧಿಯು ಸಿಕ್ಕಿತು. ಹಿಂದೆ ಕೆಲಸ ನಡೆದ ಗಣಿಯನ್ನು ಮೊದಲು ಹುಡುಕಬೇಕೆಂಬ ಅರ್ಥಶಾಸ್ತ್ರದ ವಿಧಿಯನ್ನು, ಆ ಗ್ರಂಥವು ಇನ್ನೂ ಬೆಳಕು ಕಾಣದ ಕಾಲದಲ್ಲಿ, ಆತನು ಅರಿಯದೆಯೇ ಪಾಲಿಸಿದಂತಾಯಿತು.

ಹಾಗಾದರೆ ಪಾಶ್ಚಾತ್ಯರು ತಂದುದೇನೂ ಇಲ್ಲವೆ? ಉಂಟು, ಅದನ್ನು ಒಪ್ಪದಿರುವುದು ನ್ಯಾಯವಲ್ಲ. ಹಳಬರು ನಿಂತುದು ನೀರಿನೆದುರು. ಹೊಸಬರು ಉಗಿಯಂತ್ರದಿಂದಲೂ, ೧೯೦೨ ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದಲೂ ಆ ನೀರನ್ನು ಎತ್ತಿದರು. ಹಳಬರು ಒರಳಿನಲ್ಲಿ ಕುಟ್ಟಿದುದನ್ನು ಹೊಸಬರು ಯಂತ್ರದ ಒನಕೆಗಳಿಂದ ಕುಟ್ಟಿದರು. ಪಾದರಸವನ್ನು ಬಳಿದ ತಾಮ್ರದ ತಗಡಿನ ಮೇಲೆ ಕಲ್ಲಿನ ರಾಡಿಯನ್ನು ಹರಿಯಿಸಿ ಬಿಡಿಚಿನ್ನವನ್ನು ಹಿಡಿದರು. ಮಾಕ್ಷಿಕದೊಳಗೆ ಅಡಗಿದ ಚಿನ್ನಕ್ಕೆ ನಾವು ಹಿಂದೆ ಹೇಳಿದ ಮೂರನೆಯ ಉಪಾಯವು ೧೮೮೭ ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಎಂಬವನಿಂದಲೂ ಫಾರೆಸ್ಟ್ ಸಹೋದರರಿಂದಲೂ ಸಿದ್ಧವಾಯಿತು. ಸಯನೈಡೆಂಬ ಉಗ್ರವಿಷದ ತೆಳುವಾದ ದ್ರಾವಣವು ಗಾಳಿಯ ಸಹಾಯದಿಂದ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆ ದ್ರಾವಣಕ್ಕೆ ಸತುವನ್ನು ಹಾಕಿದರೆ ಚಿನ್ನವು ಮತ್ತೆ ಹೊರಬೀಳುತ್ತದೆ. ಬೆಂಕಿಗೂ ನೀರಿಗೂ ಅಳುಕದ ಚಿನ್ನವನ್ನು ಕಲ್ಲಿನ ಪುಡಿಯಿಂದ ಹೀಗೆ ಕರಗಿಸಿ ತೆಗೆಯುವ ಈ ಉಪಾಯವು ನಮ್ಮ ಗಣಿಗಳಿಗೆ ಹೊಸದು. ಇದರ ಬಲದಿಂದ ಹಿಂದೆ ಕಸವೆಂದು ಬಿಟ್ಟ ಪುಡಿಯಲ್ಲಿಯೂ ಚಿನ್ನವನ್ನು ತೆಗೆದರು.

ಕೋಲಾರದ ಗಣಿಗಳು ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಮಾರು ೮೦೦ ಟನ್ನು ಚಿನ್ನವನ್ನು ಕೊಟ್ಟು, ೧೯೫೬ ರಲ್ಲಿ ಸರ್ಕಾರದ ವಶವಾಗಿ, ೨೦೦೧ ರ ಫೆಬ್ರವರಿ ತಿಂಗಳಲ್ಲಿ ಮುಚ್ಚಿಹೋದುವು. ಈಗ ಅಲ್ಲಿ ಕಾಣುವುದು ಮೂರು ಕೋಟಿ ಟನ್ನಿಗೂ ಮಿಕ್ಕ ಸಯನೈಡ್ ಮಣ್ಣಿನ ದಿಬ್ಬಗಳು. ಗಾಳಿ ಬೀಸಿದಾಗ ಆ ಧೂಳು ಊರಿನ ಮೇಲೆ ಬೀಳುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೆಲಸ ನಡೆದು ೧೯೨೦ ರಲ್ಲಿ ನಿಂತ ಹಟ್ಟಿಯು ಮಾತ್ರ ಮತ್ತೆ ತೆರೆದು ಇಂದಿಗೂ ನಡೆಯುತ್ತಿದೆ.

೭

ಇನ್ನು ಉಪಸಂಹಾರ. ಸುವರ್ಣಗಿರಿಯೆಂಬ ಹೆಸರು ಅನ್ವರ್ಥವೋ ಅಲ್ಲವೋ? ಅಶೋಕನ ದಕ್ಷಿಣದ ಲಿಪಿಗಳು ಮಸ್ಕಿ, ಕೊಪ್ಪಳ, ಎರ್ರಗುಡಿ, ಬ್ರಹ್ಮಗಿರಿಗಳಲ್ಲಿ ಇದ್ದು, ಹೊನ್ನಿನ ಪಟ್ಟಿಗಳ ಅಂಚಿನಲ್ಲಿಯೇ ಬೀಳುತ್ತವೆಂಬುದು ನಿಜ. ಮಸ್ಕಿಯ ಲಿಪಿಯನ್ನು ೧೯೧೫ ರಲ್ಲಿ ಕಂಡವನೂ ಹೊನ್ನಿನ ನರವನ್ನು ಹುಡುಕಿ ಹೊರಟ ಬೀಡನ್ ಎಂಬ ಗಣಿಯ ಎಂಜಿನಿಯರನೇ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ನಿಜನಾಮವು ಮೊತ್ತಮೊದಲು ಓದಿಗೆ ಸಿಕ್ಕಿದುದು ಅಲ್ಲಿ. ಆದರೂ ಇಷ್ಟರಿಂದ ಹೊನ್ನಿಗಾಗಿಯೇ ಮೌರ್ಯರು ಬಂದರೆಂದು ನಿಶ್ಚಯಿಸುವುದು ಸಾಹಸವಾದೀತು. ಆ ಸೀಮೆಯು ನೂತನಶಿಲಾಯುಗದಿಂದಲೂ ಜನನಿಬಿಡವಾದುದು. ದಾರಿಗಳು ಕೂಡುವ ಎಡೆ. ಹಟ್ಟಿಯ ಕುಳಿಗಳ ಮರವು ಮೌರ್ಯರಿಗಿಂತ ಈಚಿನದು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ನೂತನಶಿಲಾಯುಗದ ನೆಲೆಯಲ್ಲಿ ೧೯೬೩-೬೪ ರ ಉತ್ಖನನದಲ್ಲಿ ಚಿನ್ನದ ಕಿವಿಯೊಡವೆ ಸಿಕ್ಕಿರುವುದರಿಂದ ಹೊನ್ನಿನ ಪರಿಚಯವು ಆ ನಾಡಿಗೆ ಮೌರ್ಯರಿಗಿಂತ ಸಾವಿರ ವರ್ಷಗಳಿಗೂ ಹಿಂದಿನದೆಂಬುದು ಸಿದ್ಧ. ಆದರೆ ಅದು ಹಳ್ಳದ ಹೊನ್ನೂ ಆಗಿರಬಹುದು. ಮೊಹೆಂಜೊದಾರೊವಿನ ಬೆಳ್ಳಿ ಬೆರೆತ ಚಿನ್ನವು ಕೋಲಾರದಿಂದ ಹೋದುದೆಂಬ ೧೯೩೧ ರ ಊಹೆಯೂ, ಬೆಳ್ಳಿ ಬೆರೆತ ಚಿನ್ನ ಬೇರೆಡೆಯೂ ದೊರಕುವುದರಿಂದ, ಸಿದ್ಧಾಂತವಾಗಲಾರದು. ಆದುದರಿಂದ ಸುವರ್ಣಗಿರಿಯು ಅನ್ವರ್ಥನಾಮವೆಂಬುದು ಸಂಭವನೀಯ, ಸಿದ್ಧವಲ್ಲ. ಇಷ್ಟೇ ನಾವು ಹೇಳಬಹುದಾದುದು.

ನಿಶ್ಚಯವಾಗಿ ಹೇಳಬಹುದಾದುದು ಬೇರೊಂದು. ಬಂಡೆಯನ್ನು ಭೇದಿಸಿ ಹೊನ್ನು ತೆಗೆಯುವ ವಿದ್ಯೆ ನಮ್ಮ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಂದ ಇದ್ದಿತು. ಆದುದರಿಂದ ಮೊದಲನೆಯ ಪಕ್ಷ ಬಿದ್ದಿತು. ಆ ವಿದ್ಯೆಯ ಮುಖ್ಯಾಂಶವು ಯಾವ ಶಾಸ್ತ್ರದಲ್ಲಿಯೂ ಬರೆಯಲ್ಪಡದೆ ಕೆಲಸಗಾರರ ಕೈಯಲ್ಲಿಯೇ ಇದ್ದಿತು. ಆದುದರಿಂದ ಎರಡನೆಯ ಪಕ್ಷವೂ ಬಿದ್ದಿತು. ಸಂಸ್ಕೃತಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಶಬ್ದವನ್ನು ಪ್ರಮಾಣವೆಂದು ನಂಬುವವರು. ಆದರೆ ಹಟ್ಟಿಯ ಬಂಡೆಯ ಮೇಲಣ ಗುಳಿಯೂ ಒಂದು ಲಿಪಿಯೇ. ಅಲ್ಲಿ ಕುಟ್ಟಿದ ಹೆಂಗಸಿನ ಹೆಸರು ಇಲ್ಲ, ಆರ್ಯಪುತ್ರನ ಹೆಸರು ಇಲ್ಲ. ಮಾಡಿದ ಕೆಲಸವೊಂದೇ ಉಳಿದಿದೆ.

ಶಿಲಾಶಾಸನಗಳಿಗೆ ರಕ್ಷಣೆಯುಂಟು, ಪಡಿಯಚ್ಚುಂಟು, ಸಂಪುಟಗಳುಂಟು. ಈ ಗುಳಿಗಳಿಗೆ ಅದೊಂದೂ ಇಲ್ಲ. ಕಲ್ಲು ಒಡೆಯುವವರಿಗೂ ಹೊಲ ಹಸನು ಮಾಡುವವರಿಗೂ ಅವು ಬರಿಯ ಬಂಡೆಗಳು. ಹಟ್ಟಿ, ಮಸ್ಕಿ, ಕಪ್ಪತಗುಡ್ಡ, ಕೋಲಾರಗಳ ಸುತ್ತಲಿನ ಇಂತಹ ಬಂಡೆಗಳನ್ನು ಊರೂರಿಗೂ ಗುರುತಿಸಿ, ಗುಳಿಗಳ ಸಂಖ್ಯೆ, ಆಳ, ಅಗಲಗಳನ್ನು ಅಳೆದು ಪಟ್ಟಿ ಮಾಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಆಯಾ ಊರುಗಳ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಒಂದೆರಡು ಬೇಸಗೆಗಳಲ್ಲಿ ಮುಗಿಯುವಂತಹುದು. ಅಂತಹ ಪಟ್ಟಿಯೊಂದು ಸಿದ್ಧವಾದರೆ ಸುವರ್ಣಗಿರಿಯ ಪ್ರಶ್ನೆಗೂ ಉತ್ತರವು ದೊರೆತೀತು. ದೊರೆಯದಿದ್ದರೂ, ಹೊನ್ನನ್ನು ತೆಗೆದುಕೊಟ್ಟವರ ಲೆಕ್ಕವನ್ನಾದರೂ ನಾವು ಇಟ್ಟಂತಾದೀತು.